ರೊಮೆಲ್‌ನ ಪೆಟ್ರೋಲು ಲೆಕ್ಕ

ಯುದ್ಧದ ಇತಿಹಾಸ ಓದಿದವರಿಗೆ ಸೇನಾನಿಗಳ ಹೆಸರು ನೆನಪಿರುತ್ತದೆ, ಲಾರಿಗಳ ಲೆಕ್ಕ ಮರೆತುಹೋಗುತ್ತದೆ. ಅಮೆರಿಕದ ಬಾಲ್ಟಿಮೋರಿನ ಅವಲಾನ್ ಹಿಲ್ ಕಂಪನಿ 1964ರಲ್ಲಿ ಹೊರತಂದ ‘ಆಫ್ರಿಕಾ ಕೋರ್’ ಎಂಬ ಆಟ ಆ ಲೆಕ್ಕವನ್ನು ಮರೆಯಗೊಡುವುದಿಲ್ಲ. ಮೇಜಿನ ಮೇಲೆ ಲಿಬಿಯಾ ಮತ್ತು ಈಜಿಪ್ಟಿನ ಕರಾವಳಿಯ ನಕ್ಷೆ. ಅದರ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಅರ್ಧ ಇಂಚಿನ ರಟ್ಟಿನ ಕಾಯಿಗಳ ಮೇಲೆ ಪಡೆಯ ಹೆಸರು, ಅದರ ಬಲ, ಒಂದು ಸರದಿಯಲ್ಲಿ ಅದು ಎಷ್ಟು ಮನೆ ನಡೆಯಬಲ್ಲದು ಎಂಬ ಅಂಕಿಗಳು. ಜರ್ಮನರ ಪರ ಆಡುವವರು ದಾಳಿಗೆ ಇಳಿಯಬೇಕಾದರೆ ಸರಬರಾಜಿನ ಕಾಯಿಯೊಂದು ಹತ್ತಿರದಲ್ಲಿ ಇರಲೇಬೇಕು. ದಾಳಿ ಮುಗಿದರೆ ಆ ಕಾಯಿ ಖರ್ಚಾಯಿತು, ಪಟದಿಂದ ಎತ್ತಿಡಬೇಕು. ಹೊಸದು ಸಿಗುವುದು ದಾಳದ ದಯೆಯಿಂದ. ದಾಳ ಕೈಕೊಟ್ಟರೆ ಹಡಗು ಮೆಡಿಟರೇನಿಯನ್ ಸಮುದ್ರದ ತಳ ಸೇರಿತೆಂದೇ ಲೆಕ್ಕ.

1941ರ ಫೆಬ್ರವರಿಯಲ್ಲಿ ಜರ್ಮನ್ ಸೇನಾನಿ ರೊಮೆಲ್ ಬಂದಿಳಿದ ಲಿಬಿಯಾದ ಟ್ರಿಪೋಲಿಯಿಂದ ಈಜಿಪ್ಟಿನ ಎಲ್ ಅಲಮೇನ್‌ಗೆ ಕರಾವಳಿ ರಸ್ತೆಯಲ್ಲಿ ಸುಮಾರು 2,000 ಕಿ.ಮೀ. ದೂರ. ಪೆಟ್ರೋಲು ಹೊತ್ತ ಲಾರಿಯೇ ದಾರಿಯುದ್ದಕ್ಕೂ ಪೆಟ್ರೋಲು ಕುಡಿಯುತ್ತದೆ. ಪುಸ್ತಕದಲ್ಲಿ ಇದನ್ನು ಓದಿ ಹೌದೆಂದು ತಲೆಯಾಡಿಸಿ ಮುಂದಿನ ಪುಟಕ್ಕೆ ಹೋಗಬಹುದು. ಮೇಜಿನ ಮುಂದೆ ಹಾಗೆ ಹೋಗಲಾಗದು. ಟ್ಯಾಂಕುಗಳು ಈಜಿಪ್ಟಿನ ಗಡಿ ದಾಟಿವೆ, ಎದುರಾಳಿಯ ಸಾಲು ತೆಳ್ಳಗಿದೆ, ಸರಬರಾಜಿನ ಕಾಯಿ ಮಾತ್ರ ಬೆಂಗಾಜಿಯ ಆಚೆಯೇ ಉಳಿದಿದೆ. ನಡುದಾರಿಯ ಟೋಬ್ರುಕ್ ಬಂದರಿಗಾಗಿ ಜರ್ಮನರೂ ಬ್ರಿಟಿಷರೂ ಯಾಕೆ ಅಷ್ಟು ಹೊಡೆದಾಡಿದರು ಎಂಬುದಕ್ಕೆ ಆಗ ಬೇರೆ ವಿವರಣೆ ಬೇಡ.

ಈ ಬಗೆಯ ಆಟಗಳಿಗೆ ಬುನಾದಿ ಹಾಕಿದವನು ಚಾರ್ಲ್ಸ್ ರಾಬರ್ಟ್ಸ್. 1954ರ ಅವನ ‘ಟ್ಯಾಕ್ಟಿಕ್ಸ್’ನಲ್ಲೂ 1958ರ ‘ಗೆಟ್ಟಿಸ್‌ಬರ್ಗ್’ನಲ್ಲೂ ಚೌಕದ ಮನೆಗಳೇ ಇದ್ದವು. ಚೌಕದಲ್ಲಿ ಓರೆಯಾಗಿ ನಡೆದ ಕಾಯಿ ನೇರ ನಡೆದದ್ದಕ್ಕಿಂತ ಸುಮಾರು 1.4 ಪಟ್ಟು ದೂರ ಹೋಗಿಬಿಡುತ್ತದೆ. ಚದುರಂಗಕ್ಕೆ ಅದರಿಂದ ತೊಂದರೆಯಿಲ್ಲ, ಭೂಪಟದ ಮೇಲೆ ಅದು ಸುಳ್ಳು. 1961ರಿಂದ ಆರು ಮೂಲೆಯ ಮನೆಗಳು ಬಂದವು. ಸುತ್ತಲಿನ ಆರೂ ಮನೆಗಳು ಸಮಾನ ದೂರದಲ್ಲಿ.

ಇಂಥ ಆಟವನ್ನು ನಾನು ಇತಿಹಾಸದ ಒಂದು ವಾದವೆಂದೇ ಓದುತ್ತೇನೆ. ನಿಯಮ ಪುಸ್ತಕದಲ್ಲಿ ಪ್ರತಿಯೊಂದು ವಾದವೂ ಬಿಚ್ಚಿಟ್ಟಂತಿರುತ್ತದೆ. 1979ರಲ್ಲಿ ರಿಚರ್ಡ್ ಬರ್ಗ್ ರೂಪಿಸಿದ ‘ದಿ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ’ ಇದರ ತುತ್ತತುದಿ. ಪೂರ್ತಿ ಆಡಲು ಸುಮಾರು 1,500 ಗಂಟೆ ಬೇಕೆಂಬ ಅಂದಾಜಿದೆ. ಅದರಲ್ಲಿ ಮರುಭೂಮಿಯ ಬಿಸಿಲಿಗೆ ಪೆಟ್ರೋಲು ಆವಿಯಾಗುತ್ತದೆ. ಜರ್ಮನರ ಗಟ್ಟಿ ಕ್ಯಾನುಗಳಿಗಿಂತ ಬ್ರಿಟಿಷರ ಡಬ್ಬಗಳಲ್ಲಿ ನಷ್ಟ ಹೆಚ್ಚು. ಪ್ರಮಾಣ ಅತಿಯಾಯಿತು ಎನಿಸಿದರೆ ಆಟಗಾರ ವಾದಿಸಬಹುದು, ಎದುರಾಳಿ ಒಪ್ಪಿದರೆ ಅಂಕಿಯನ್ನೇ ತಿದ್ದಿ ಆಡಬಹುದು. ಯಾಕೆಂದರೆ ಅಂಕಿ ಕಣ್ಣೆದುರಿಗೇ ಇದೆ.

ಕಂಪ್ಯೂಟರಿನಲ್ಲಿ ಅದು ಕಾಣುವುದಿಲ್ಲ. 1994ರ ‘ಪ್ಯಾಂಜರ್ ಜನರಲ್’ ಬಹಳ ಸೊಗಸಾದ ಆಟ, ಅಲ್ಲೂ ಆರು ಮೂಲೆಯ ಮನೆಗಳೇ. ಆದರೆ ಒಂದು ಗುಂಡಿ ಒತ್ತಿದರೆ ಟ್ಯಾಂಕಿಗೆ ಇಂಧನ ತುಂಬುತ್ತದೆ. ಅದು ಯಾವ ಬಂದರಿನಿಂದ, ಯಾವ ಲಾರಿಯಲ್ಲಿ ಬಂತೆಂದು ಯಾರೂ ಕೇಳುವುದಿಲ್ಲ. ಮುಂದೆ ಬಂದ ಗ್ಯಾರಿ ಗ್ರಿಗ್ಸ್‌ಬಿಯ ‘ವಾರ್ ಇನ್ ದಿ ಈಸ್ಟ್’ ಥರದ ದೊಡ್ಡ ಆಟಗಳು ರೈಲು, ಡಿಪೊ, ಲಾರಿ ಎಲ್ಲವನ್ನೂ ಲೆಕ್ಕ ಹಾಕುತ್ತವೆ, ಯಾವ ಮನುಷ್ಯನಿಗೂ ಕೈಯಲ್ಲಿ ಸಾಧ್ಯವಾಗದಷ್ಟು ಸೂಕ್ಷ್ಮವಾಗಿ. ಲೆಕ್ಕ ಮಾಡುವುದು ಯಂತ್ರ. ನಮಗೆ ಸಿಗುವುದು ಉತ್ತರ. ಪಡೆಗೆ ಇಂಧನ ಸಾಲದೆ ಬಂದಾಗ ಕಾರಣ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಇನ್ನೊಂದು ಅಂಕಿ ಅಷ್ಟೇ.

ಆದರೂ ಕಂಪ್ಯೂಟರಿಗೆ ಸಲ್ಲಬೇಕಾದದ್ದು ಸಲ್ಲಬೇಕು. ಬಹುಪಾಲು ರಟ್ಟಿನ ಆಟಗಳಲ್ಲಿ ಎದುರಾಳಿಯ ಕಾಯಿಗಳೆಲ್ಲ ಎದುರಿಗೇ ಇರುತ್ತವೆ. ಬೆಟ್ಟದಾಚೆ ಯಾರಿದ್ದಾರೆಂದು ತಿಳಿಯದ ಆತಂಕ, ಯುದ್ಧದ ಅರ್ಧ ಸತ್ಯವೇ ಅದು, ಅಲ್ಲಿ ಇಲ್ಲ. 1824ರಲ್ಲಿ ಪ್ರಷ್ಯಾದ ಲೆಫ್ಟಿನೆಂಟ್ ರೈಸ್‌ವಿಟ್ಸ್ ತನ್ನ ‘ಕ್ರೀಗ್‌ಸ್ಪೀಲ್’ನಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದ. ನಡುವೆ ಒಬ್ಬ ತೀರ್ಪುಗಾರ. ಯಾವ ಪಕ್ಷಕ್ಕೆ ಏನು ಕಾಣಬಹುದೋ ಅಷ್ಟನ್ನೇ ಅವನು ತೋರಿಸುತ್ತಾನೆ. ಅಂಥ ತೀರ್ಪುಗಾರ ಎಲ್ಲರಿಗೂ ಸಿಗುವಂತಾದದ್ದು ಕಂಪ್ಯೂಟರಿನಿಂದ. ಎದುರಾಳಿ ಸಿಗದ ಊರಿನಲ್ಲಿರುವವರಿಗೂ ಅದೇ ಆಸರೆ. ಆದರೆ ಪ್ರಷ್ಯಾದ ತೀರ್ಪುಗಾರನನ್ನು ಆಟ ಮುಗಿದ ಮೇಲೆ ಹಿಡಿದು ಕೇಳಬಹುದಿತ್ತು.

ಬಿಚ್ಚಿಟ್ಟ ನಿಯಮಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಒಂದು ಸಾಕ್ಷಿ 1990ರದು. ಆಗಸ್ಟ್ 2ರಂದು ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದಾಗ, ಮುಂದೇನಾಗಬಹುದೆಂದು ಆಡಿನೋಡಲು ಪೆಂಟಗನ್ ಮಾರ್ಕ್ ಹರ್ಮನ್‌ಗೆ ಕರೆ ಮಾಡಿತು. 1983ರಲ್ಲಿ ಅವನು ಮಾಡಿದ ‘ಗಲ್ಫ್ ಸ್ಟ್ರೈಕ್’ ಅಂಗಡಿಯಲ್ಲಿ ಸಿಗುತ್ತಿದ್ದ ರಟ್ಟಿನ ಆಟ. ನಕ್ಷೆಯೂ ಬಿಚ್ಚಿಟ್ಟ ನಿಯಮಗಳೂ ಸಿದ್ಧವಿದ್ದವು; ಕಾಯಿಗಳನ್ನು ಹೊಸ ಪರಿಸ್ಥಿತಿಗೆ ಹೊಂದಿಸಿ ಇಟ್ಟರೆ ಸಾಕಿತ್ತು.

ಈಗ ರಟ್ಟು, ಕಂಪ್ಯೂಟರು ಎರಡರ ನಡುವೆಯೂ ಒಂದು ದಾರಿಯಿದೆ. ‘ವ್ಯಾಸಲ್’ ಎಂಬ ಉಚಿತ ತಂತ್ರಾಂಶ ನಕ್ಷೆ ಮತ್ತು ಕಾಯಿಗಳನ್ನು ಪರದೆಯ ಮೇಲೆ ತರುತ್ತದೆ, ದಾಳವನ್ನೂ ಉರುಳಿಸುತ್ತದೆ. ನಿಯಮ ಪಾಲನೆಯನ್ನು ಹೆಚ್ಚಾಗಿ ಆಟಗಾರರಿಗೇ ಬಿಡುತ್ತದೆ. ಬೆಂಗಳೂರಿನವರು ಬೋಸ್ಟನ್ನಿನವರ ಜೊತೆ ಆಡಬಹುದು, ಆದರೆ ಇಬ್ಬರೂ ಪುಸ್ತಕ ಓದಿಯೇ ತೀರಬೇಕು. ನನಗೆ ಇದೇ ಹೆಚ್ಚು ಒಪ್ಪಿಗೆ.

‘ಆಫ್ರಿಕಾ ಕೋರ್’ನ ಬ್ರಿಟಿಷ್ ಪಾಳಯದಲ್ಲಿ 4ನೇ ಭಾರತೀಯ ಡಿವಿಷನ್ನಿನ ಬ್ರಿಗೇಡುಗಳೂ ಇವೆ. ಆ ಡಿವಿಷನ್ನಿನ ಜೊತೆಗಿದ್ದ ಮದ್ರಾಸ್ ಸ್ಯಾಪರ್‌ಗಳ ತವರು ಬೆಂಗಳೂರಿನ ಹಲಸೂರು. ನೆಲದಲ್ಲಿ ಹುಗಿದ ಮೈನು ತೆಗೆಯುವುದು, ರಸ್ತೆ ಮಾಡುವುದು, ನೀರು ಹುಡುಕುವುದು ಸ್ಯಾಪರ್‌ಗಳ ಕಸುಬು. ಆಟದ ಅಳತೆಯಲ್ಲಿ ಅವರು ಬ್ರಿಗೇಡಿನ ಅಂಕಿಯೊಳಗೆ ಕರಗಿಹೋಗಿದ್ದಾರೆ, ಅವರಿಗೆ ಬೇರೆ ಕಾಯಿಯಿಲ್ಲ. ಕೊರತೆ ದೊಡ್ಡದೇ, ಆದರೆ ತುಂಬಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಅರ್ಧ ಇಂಚಿನ ರಟ್ಟು ಕತ್ತರಿಸಿ, ಒಂದು ಸ್ಯಾಪರ್ ಕಂಪನಿಯ ಹೆಸರು ಬರೆದು, ಎಲ್ ಅಲಮೇನ್ ಸುತ್ತಲಿನ ಮನೆಗಳಿಗೆ ಮೈನಿನ ಗುರುತು ಹಾಕಿ, ಆ ಕಾಯಿ ಪಕ್ಕದಲ್ಲಿದ್ದರೆ ಮಾತ್ರ ಒಂದು ಸರದಿ ಕಳೆದು ದಾರಿ ತೆರೆಯುತ್ತದೆ ಎಂದು ನಿಯಮ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರೆ ಆಟ ಶುರುಮಾಡಬಹುದು.