ಓಲೆ ಉಳಿದರೆ ಸಾಲದು

ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸದ ಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಪ್ರತೀತಿ. ಔರಂಗಜೇಬನ ಕಾಲದಲ್ಲಿ ಅಲ್ಲಿ ಸಿಡಿಮದ್ದನ್ನು ತುಂಬಿದರು. ಅದು ಸಿಡಿದು ಕಟ್ಟಡದ ಬಹುಭಾಗ ನೆಲಕ್ಕುರುಳಿತು. ಇಂದು ಒಂದು ಮಿನಾರು ನಿಂತಿದೆ, ಗ್ರಂಥರಾಶಿಯಿಲ್ಲ. ಮನೆಮಂದಿಯ ಚಿತ್ರಗಳನ್ನೂ ಆಸ್ತಿಪತ್ರಗಳ ಪ್ರತಿಗಳನ್ನೂ ಒಂದೇ ಮೊಬೈಲಿನಲ್ಲಿ ತುಂಬಿ ನಿಶ್ಚಿಂತರಾಗಿರುವ ನಮಗೆ ಇದು ಎಚ್ಚರಿಕೆಯಲ್ಲವೆ?

ಆದರೆ ವಸ್ತು ಉಳಿದೂ ಓದು ಅಳಿಯುವುದುಂಟು. ಬೀದರ ಜಿಲ್ಲೆ 1956ರವರೆಗೆ ಹೈದರಾಬಾದು ರಾಜ್ಯದಲ್ಲಿತ್ತು. ನಿಜಾಮರ ಆಡಳಿತಭಾಷೆ ಉರ್ದು. ಔರಾದಿನ ಕಡೆಯ ಹಳೆಯ ಮನೆಯೊಂದರ ಪೆಟ್ಟಿಗೆಯಲ್ಲಿ ಅಂದಿನ ಜಮೀನಿನ ಕಾಗದವಿದ್ದು, ಮಸಿ ಮಾಸದಿದ್ದರೂ, ಉರ್ದು ಬಾರದ ಮೊಮ್ಮಗನಿಗೆ ಅದು ಮೂಕವೇ ಸರಿ.

ಗಣಕಯಂತ್ರದ ಕನ್ನಡಕ್ಕೂ ಈ ಗತಿ ಬಂದಿದೆ. ಹಳೆಯ ‘ನುಡಿ’ಯ ಅಕ್ಷರವಿನ್ಯಾಸದಲ್ಲಿ ನಮ್ಮ ಅಕಾರವು ಇಂಗ್ಲಿಷಿನ ‘ಸಿ’ ಅಕ್ಷರಕ್ಕೆ ಮೀಸಲಾದ 67ನೆಯ ಮನೆಯಲ್ಲಿ ಬಾಡಿಗೆಗಿತ್ತು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯೂನಿಕೋಡಿನಲ್ಲಾದರೋ ಅಕಾರಕ್ಕೆ 3205 ಎಂಬ ಸ್ವಂತ ಸಂಖ್ಯೆಯುಂಟು. ಜಗತ್ತಿನ ಯಾವ ಯಂತ್ರವೂ ಅದನ್ನು ಮತ್ತೊಂದೆಂದು ಭ್ರಮಿಸದು.

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅವರು ಕಾಪಾಡಿದ್ದು ಪುಸ್ತಕಗಳನ್ನಲ್ಲ, ಓದಬಲ್ಲವರನ್ನು. ಕಡತಗಳ ವಿಷಯದಲ್ಲಿ ನಾವು ಮಾಡಬೇಕಾದುದೂ ಇದೇ.

ಹಳೆಯ ತಂತ್ರಾಂಶ ಇನ್ನೂ ತೆರೆಯುತ್ತಿರುವಾಗಲೇ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಸಾಲುಸಾಲಾಗಿ ತಾಳೆ ನೋಡಬೇಕು. ಪುಟದ ರೂಪವೂ ಉಳಿಯಬೇಕಾದರೆ 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಿಡಿಎಫ್-ಎ ಉಂಟು. ಅದು ಬೇಕಾದ ಅಕ್ಷರವಿನ್ಯಾಸವನ್ನು ತನ್ನೊಳಗೇ ಹೊತ್ತಿರುತ್ತದೆ. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಮೂಲ ಕಾಗದವನ್ನು ಮಾತ್ರ ಎಸೆಯಬಾರದು. ಸಂಗ್ರಹಿಸುವ ಸಾಧನವೂ ಶಾಶ್ವತವಲ್ಲ: ಮನೆಮನೆಯಲ್ಲಿದ್ದ ಫ್ಲಾಪಿಯ ಮಾರಾಟವನ್ನು ಸೋನಿ ಸಂಸ್ಥೆ 2011ರಲ್ಲಿ ನಿಲ್ಲಿಸಿತು. ಆದುದರಿಂದ ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ಗುಡಿಸುವಾಗ, ಪ್ರತಿಯೊಂದನ್ನೂ ತೆರೆದು ನೋಡುವುದು ಒಳ್ಳೆಯದು.

ಆಗ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಕಾಗದ ಯಾವ ಹೊಲದ್ದು, ಚಿತ್ರದಲ್ಲಿರುವ ಅಜ್ಜಿ ಯಾರ ತಾಯಿ ಎಂಬುದನ್ನು ಯಾವ ಯಂತ್ರವೂ ತಾನಾಗಿ ಹೇಳಲಾರದು.