ಕಂಪ್ಯೂಟರ್ ‘ತಪ್ಪು’ ಎಂದರೆ ಹೆದರಬೇಡಿ

ಕಾಲೇಜು ಹುಡುಗಿಯೊಬ್ಬಳು ಪ್ರಾಜೆಕ್ಟಿಗಾಗಿ ಕರ್ನಾಟಕದ ಭಾಗದ ನಕ್ಷೆ ಬರೆಯಲು ಕಂಪ್ಯೂಟರಿನ ಮುಂದೆ ಕುಳಿತಿದ್ದಾಳೆ ಎಂದುಕೊಳ್ಳಿ. ಆಜ್ಞೆಯನ್ನು ಟೈಪ್ ಮಾಡಿ ಎಂಟರ್ ಕೀಲಿ ಒತ್ತುತ್ತಲೇ ನಕ್ಷೆಯ ಬದಲು ‘ಎರರ್’ ಎಂಬ ಸಾಲು ಮೂಡುತ್ತದೆ. “ಏನಮ್ಮಾ, ಕೆಡಿಸಿಬಿಟ್ಟೆಯಾ?” ಎನ್ನುತ್ತಾರೆ ಅಪ್ಪ. ಅವಳ ಉತ್ಸಾಹ ಅಲ್ಲಿಗೆ ಅರ್ಧ ಇಳಿಯುತ್ತದೆ.

ನಿಜವಾಗಿ ಏನೂ ಕೆಟ್ಟಿರುವುದಿಲ್ಲ. ಅವಳು ಬಳಸುತ್ತಿರುವುದು ಜೆನೆರಿಕ್ ಮ್ಯಾಪಿಂಗ್ ಟೂಲ್ಸ್, ಅಂದರೆ ಜಿಎಂಟಿ ಎಂಬ ಉಚಿತ ತಂತ್ರಾಂಶ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಪಾಲ್ ವೆಸೆಲ್ ಮತ್ತು ವಾಲ್ಟರ್ ಸ್ಮಿತ್ ಇದನ್ನು ಆರಂಭಿಸಿದರು. ಇದರಲ್ಲಿ ಮೌಸ್ ಒತ್ತಿ ಕೆಲಸ ಮಾಡಿಸುವುದಿಲ್ಲ. ಬೇಕಾದುದನ್ನು ಸಾಲಾಗಿ ಬರೆದು ಹೇಳಬೇಕು. ಒಂದಕ್ಷರ ತಪ್ಪಿದರೂ ಕಂಪ್ಯೂಟರಿಗೆ ಅರ್ಥವಾಗದು.

‘ಆಜ್ಞೆ ಸಿಗಲಿಲ್ಲ’ ಎಂದು ಬಂದರೆ ಕಾರಣ ಸಾಮಾನ್ಯವಾಗಿ ಎರಡು: ಕಾಗುಣಿತ ತಪ್ಪಿರಬೇಕು, ಇಲ್ಲವೇ ತಂತ್ರಾಂಶ ಯಾವ ಫೋಲ್ಡರಿನಲ್ಲಿದೆ ಎಂಬುದು ಕಂಪ್ಯೂಟರಿಗೆ ತಿಳಿದಿರಲಿಕ್ಕಿಲ್ಲ. ‘ಅಂಥ ಫೈಲ್ ಇಲ್ಲ’ ಎಂದರೆ ಫೈಲಿನ ಹೆಸರನ್ನೂ, ತಾನು ಯಾವ ಫೋಲ್ಡರಿನಲ್ಲಿ ನಿಂತು ಕೆಲಸ ಮಾಡುತ್ತಿದ್ದೇನೆ ಎಂಬುದನ್ನೂ ನೋಡಬೇಕು.

ಇನ್ನೊಂದು ತಪ್ಪು ಎಲ್ಲೆಗಳದ್ದು. ಕರ್ನಾಟಕ ಸುಮಾರು 74ರಿಂದ 78.5 ಡಿಗ್ರಿ ಪೂರ್ವ ರೇಖಾಂಶ, 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇದೆ. ಜಿಎಂಟಿ ಈ ಅಂಕಿಗಳನ್ನು ಪಶ್ಚಿಮ, ಪೂರ್ವ, ದಕ್ಷಿಣ, ಉತ್ತರ ಎಂಬ ಕ್ರಮದಲ್ಲಿ ಕೇಳುತ್ತದೆ. ಹುಡುಗಿ ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರ ಎಂದು ಬರೆದಿದ್ದಳು. ಆಗ ದಕ್ಷಿಣದ ಎಲ್ಲೆ 78.5, ಉತ್ತರದ ಎಲ್ಲೆ 18.5 ಎಂದಾಯಿತು. ದಕ್ಷಿಣವು ಉತ್ತರಕ್ಕಿಂತ ಮೇಲಿರಲು ಸಾಧ್ಯವೇ? ಅದಕ್ಕೇ ಆ ‘ಎರರ್’.

ಆದರೆ ಎಲ್ಲ ತಪ್ಪುಗಳೂ ಹೀಗೆ ಸದ್ದು ಮಾಡುವುದಿಲ್ಲ. ಅಕ್ಷಾಂಶವನ್ನೇ ಮೊದಲು ಬರೆದು 11.5, 18.5, 74, 78.5 ಎಂದು ಕೊಟ್ಟು ನೋಡಿ. ಕಂಪ್ಯೂಟರ್ ತುಟಿ ಪಿಟಕ್ಕೆನ್ನದೆ ನಕ್ಷೆ ಬರೆಯುತ್ತದೆ. ಆದರೆ ಅದು ಕರ್ನಾಟಕವಲ್ಲ. ನಾರ್ವೆಗೆ ಸೇರಿದ, ಉತ್ತರ ಧ್ರುವದತ್ತ ಇರುವ ಸ್ವಾಲ್‌ಬಾರ್ಡ್ ದ್ವೀಪಗಳ ಒಂದು ಭಾಗ ಮತ್ತು ಸುತ್ತಲಿನ ಸಮುದ್ರ! ಅಕ್ಷಾಂಶ 90 ಡಿಗ್ರಿ ಮೀರುವಂತಿಲ್ಲ, 78.5 ಅದರೊಳಗೇ ಇರುವುದರಿಂದ ತಂತ್ರಾಂಶಕ್ಕೆ ಅನುಮಾನವೇ ಬರಲಿಲ್ಲ. ಜಪಾನಿನ ಟೋಕಿಯೋದ ರೇಖಾಂಶ ಸುಮಾರು 139.7 ಡಿಗ್ರಿ. ಅಲ್ಲಿನವರು ಇದೇ ತಪ್ಪು ಮಾಡಿದ್ದರೆ ಕೂಡಲೇ ಸಿಕ್ಕಿಬೀಳುತ್ತಿದ್ದರು.

ಇದಕ್ಕೆ ಸುಲಭದ ಉಪಾಯವಿದೆ. ಚೆನ್ನಾಗಿ ಗೊತ್ತಿರುವ ಒಂದು ಊರನ್ನು ನಕ್ಷೆಯಲ್ಲಿ ಗುರುತಿಸಿ. ಮಂಗಳೂರು ಸುಮಾರು 74.8 ಡಿಗ್ರಿ ಪೂರ್ವ, 12.9 ಡಿಗ್ರಿ ಉತ್ತರದಲ್ಲಿದೆ. ಆ ಚುಕ್ಕೆ ಸಮುದ್ರದ ಅಂಚಿಗೆ ಬಿತ್ತೇ? ಹಾಗಿದ್ದರೆ ಮುಂದುವರಿಯಬಹುದು.

ಆತುರಗಾರನಿಗೆ ಬುದ್ಧಿ ಮಟ್ಟ. ‘ಎರರ್’ ಕಂಡೊಡನೆ ಆಜ್ಞೆಯನ್ನು ಅಳಿಸದೆ, ಆ ಸಾಲನ್ನು ಮೊದಲು ಪೂರ್ತಿ ಓದಬೇಕು. ಒಮ್ಮೆಗೆ ಒಂದನ್ನೇ ತಿದ್ದಿ ಮತ್ತೆ ನೋಡಬೇಕು. ಪ್ರಯೋಗಶಾಲೆಯ ಕ್ರಮವೂ ಇದೇ ಅಲ್ಲವೇ? ಇನ್ನು ಅಪ್ಪ ಅಮ್ಮಂದಿರು “ಕೆಡಿಸಿದೆಯಾ?” ಎನ್ನುವ ಬದಲು “ಏನು ಬರೆದಿದೆ, ಓದು ನೋಡೋಣ” ಎಂದರೆ ಸಾಕು. ತಪ್ಪನ್ನು ಎತ್ತಿ ಹೇಳುವ ಯಂತ್ರಕ್ಕೆ ಮಕ್ಕಳು ಹೆದರಬೇಕಾಗಿಲ್ಲ. ಅದು ಸುಮ್ಮನಿದ್ದಾಗಲೇ ಹೆಚ್ಚು ಎಚ್ಚರ ಬೇಕು.