ಹಳೆ ಡೀಸೆಲ್ ಕಾರು: ರೇಟು ಮಾತಾಡೋಕೂ ಮೊದ್ಲು ಬಾನೆಟ್ ಮುಟ್ಟಿ ನೋಡ್ರಿ

ಗಂಗಾವತಿ ಕಡೆ ಭತ್ತ ಮಾರಿದ ದುಡ್ಡು, ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ದುಡ್ಡು ಕೈಗೆ ಬಂತಂದ್ರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಹಳೆ ಡೀಸೆಲ್ ಕಾರಿನ ಫೋಟೊ ಶುರು. ‘ಸಿಂಗಲ್ ಓನರ್, ಶೋರೂಮ್ ಕಂಡೀಷನ್’ ಅಂತ ಕೆಳಗೊಂದು ಸಾಲು. ಬೀಜದ ಪ್ಯಾಕೆಟ್ ತಿರುಗಿಸಿ ತಾರೀಖು ನೋಡುವ ನಮ್ಮ ಹುಡುಗರು ಮೂರು-ನಾಲ್ಕು ಲಕ್ಷದ ಗಾಡಿಗೆ ಬರೀ ಪೇಂಟ್ ನೋಡಿ ಅಡ್ವಾನ್ಸ್ ಕೊಟ್ಟು ಬರ್ತಾರೆ. ಒಂದು ಬೆಳೆಯ ಪೂರ್ತಿ ದುಡ್ಡು ಅದು.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ದಿನಾ ಊರಿಂದ ಹೊಲಕ್ಕೆ ನಾಲ್ಕೈದು ಕಿಲೋಮೀಟರ್, ವಾರಕ್ಕೊಮ್ಮೆ ಸಂತೆ, ಇಷ್ಟೇ ಓಡಾಟ ಇದ್ದರೆ ಡೀಸೆಲ್ ಕಾರೇ ಬೇಡ. ‘ಡೀಸೆಲ್ ಅಗ್ಗ’ ಅನ್ನೋದು ನಮ್ಮ ಅಪ್ಪಂದಿರ ಕಾಲದ ಲೆಕ್ಕ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರಿ ಹಿಡಿತ ಹೋಯಿತು, ಪೆಟ್ರೋಲಿಗೂ ಅದಕ್ಕೂ ಇದ್ದ ದೊಡ್ಡ ಅಂತರವೂ ಈಗ ಇಲ್ಲ. ರಿಪೇರಿ ಮಾತ್ರ ಡೀಸೆಲ್‌ಗೇ ದುಬಾರಿ. ಇನ್ನು 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತಾರೆ. ಹೆದ್ದಾರಿಯಲ್ಲಿ ಒಂದಿಷ್ಟು ಹೊತ್ತು ಬಿಸಿಯಾಗಿ ಓಡಿದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತೆ. ಹೊಲ-ಮನೆ ಓಡಾಟದಲ್ಲಿ ಅದು ಕಟ್ಟಿಕೊಂಡು ಕೂರುತ್ತೆ. ಮಾರುತಿಯವರು 2020ರಲ್ಲೇ ಡೀಸೆಲ್ ನಿಲ್ಲಿಸಿದ್ದರಿಂದ ಡೀಸೆಲ್ ಸ್ವಿಫ್ಟ್, ಡಿಸೈರ್ ಸಿಕ್ಕರೆ ಅವು ಅದಕ್ಕೂ ಹಳೆಯವು. ವಯಸ್ಸಾದ ಎತ್ತು ಅಂತಲೇ ತಿಳ್ಕೊಂಡು ಹಲ್ಲು ನೋಡಬೇಕು.

ತಿಂಗಳಿಗೆ ಸಾವಿರಾರು ಕಿಲೋಮೀಟರ್ ಓಡಾಟ ಇದೆ, ಮಾಲು ಹಾಕ್ಕೊಂಡು ಹುಬ್ಬಳ್ಳಿ, ಬೆಂಗಳೂರಿಗೆ ಹೋಗಿಬರಬೇಕು ಅನ್ನೋರು ತಗೊಳ್ಳಲಿ. ಆದರೆ ಬೆಳಿಗ್ಗೆ ಬೇಗ ಹೋಗ್ರಿ. ‘ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡ್ರಿ’ ಅಂತ ಹಿಂದಿನ ರಾತ್ರಿನೇ ಹೇಳಿರ್ರಿ. ಹೋದವರೇ ಬಾನೆಟ್ ಮೇಲೆ ಕೈ ಇಡ್ರಿ. ಬಿಸಿ ಇದ್ರೆ ಆ ಮನುಷ್ಯ ಏನೋ ಮುಚ್ಚಿಡ್ತಿದಾನೆ ಅಂತ ನಾನು ವಾಪಸ್ ಬರ್ತೀನಿ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿಸಿ, ಒಬ್ಬರು ಹಿಂದೆ ನಿಂತು ಹೊಗೆ ನೋಡ್ರಿ. ನೀಲಿ ಹೊಗೆ ಬಂದ್ರೆ ಎಂಜಿನ್ ಆಯಿಲ್ ಸುಡ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಇಂಜೆಕ್ಟರ್ ಇಲ್ಲವೇ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಸ್ವಲ್ಪ ತೆಗೆದು ನೋಡ್ರಿ. ಅಲ್ಲಿಂದ ಬುಸುಬುಸು ಅಂತ ಹೊಗೆ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿದೆ. ಆಗ ಬೆಲೆ ಎಷ್ಟು ಇಳಿಸಿದರೂ ಬೇಡ.

ನಮ್ಮ ಭಾಗಕ್ಕೇ ಸೇರಿದ ಎರಡು ವಿಷಯ ಬೇರೆ ಊರಿನ ಯೂಟ್ಯೂಬ್ ವಿಡಿಯೊದವರು ಹೇಳೋದಿಲ್ಲ. ಒಂದು, ಬ್ಯಾರಲ್ ಡೀಸೆಲ್. ಟ್ರ್ಯಾಕ್ಟರಿಗೆ ಅಂತ ಮನೆಯಲ್ಲಿ ಇಟ್ಟ ಬ್ಯಾರಲ್ಲಿನಿಂದಲೇ ಕಾರಿಗೂ ಹಾಕೋರು ಬಹಳ. ಅದರ ತಳದಲ್ಲಿ ನೀರು, ತುಕ್ಕು, ಧೂಳು ಇರುತ್ತೆ. ಹಳೆ ಟ್ರ್ಯಾಕ್ಟರ್ ಹೇಗೋ ತಡ್ಕೊಳ್ಳುತ್ತೆ, ಕಾರಿನ ಸಣ್ಣ ತೂತಿನ ಇಂಜೆಕ್ಟರ್ ತಡ್ಕೊಳ್ಳೋಲ್ಲ. ಡೀಸೆಲ್ ಫಿಲ್ಟರ್ ಕೆಳಗಿನ ತಿರುಪು ಬಿಚ್ಚಿಸಿ ಒಂದು ಗ್ಲಾಸಿಗೆ ಹಿಡೀರಿ, ನೀರಿದ್ದರೆ ತಳಕ್ಕೆ ಇಳಿದು ಕಾಣುತ್ತೆ.

ಇನ್ನೊಂದು, ಡಿಕ್ಕಿ. ಒಳಗಿನ ಮ್ಯಾಟ್ ಎತ್ತಿ, ಸ್ಟೆಪ್ನಿ ಇಡೋ ಗುಂಡಿಗೆ ಟಾರ್ಚ್ ಹಾಕಿ ನೋಡ್ರಿ. ಗೊಬ್ಬರದ ಚೀಲ ಹೊತ್ತ ಗಾಡಿ ಅಲ್ಲೇ ಸಿಕ್ಕಿಬೀಳುತ್ತೆ. ಪೊಟ್ಯಾಷ್ ಅಂದ್ರೆ ಪೊಟ್ಯಾಷಿಯಂ ಕ್ಲೋರೈಡ್, ನಮ್ಮ ಅಡುಗೆ ಉಪ್ಪಿನ ದಾಯಾದಿ. ಉದುರಿದ ಹರಳು ತೇವ ಹಿಡಿದು ತಗಡು ತಿನ್ನುತ್ತೆ. (ಸಾವಯವದವನು ಇದನ್ನೂ ಗೊಬ್ಬರಕ್ಕೇ ತಂದು ನಿಲ್ಲಿಸಿದ ಅಂತ ನಗಬೇಡ್ರಿ, ಮ್ಯಾಟ್ ಎತ್ತಿ ನೋಡಿದ ಮೇಲೆ ಮಾತಾಡ್ರಿ.) ಗಂಗಾವತಿಯ ಗದ್ದೆ ಸೀಮೆಯ ಗಾಡಿಯಾದರೆ ಕೆಳಗಡೆ ಕೆಸರು ಕಟ್ಟಿದ ಜಾಗದಲ್ಲೂ ತುಕ್ಕು ಹುಡುಕ್ರಿ.

ಮೀಟರ್ ರೀಡಿಂಗ್ ನಂಬೋದು ಬಿಡ್ರಿ. ಪೆಡಲ್ ರಬ್ಬರ್, ಸ್ಟೇರಿಂಗ್ ಸವೆತ, ಸರ್ವಿಸ್ ಬಿಲ್ಲು ನೋಡಿದ್ರೆ ತಿಳಿಯುತ್ತೆ.

ಕೆಎ-37 ಬಿಟ್ಟು ಹೊರರಾಜ್ಯದ ನಂಬರ್ ಗಾಡಿ ಬಹಳ ಅಗ್ಗಕ್ಕೆ ಬಂದರೆ ಯಾಕೆ ಅಂತ ಕೇಳ್ರಿ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿನ ಗಾಡಿಗಳು ಬೇರೆ ರಾಜ್ಯಗಳಿಗೆ ಹೊರಟವು. ಕೊಳ್ಳುವಾಗ ಅಗ್ಗ ಹೌದು. ಆದರೆ ಎನ್‌ಒಸಿ, ಹೊಸ ನೋಂದಣಿ, ಕರ್ನಾಟಕದ ಲೈಫ್ ಟ್ಯಾಕ್ಸ್ ಕೂಡಿಸಿದ ಮೇಲೆ ಲೆಕ್ಕ ಹಾಕಿದ್ರಾ?

ದಾಖಲೆ ನೋಡೋಕೆ ಯಾರ ಕೈಕಾಲೂ ಹಿಡಿಯಬೇಕಿಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ತಾರೀಖು, ಫಿಟ್ನೆಸ್, ಇನ್ಶೂರೆನ್ಸ್ ಅವಧಿ ಕಾಣುತ್ತೆ. ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇದ್ದರೆ, ಬ್ಯಾಂಕಿನ ಎನ್‌ಒಸಿ ಮತ್ತು ಸಹಿಯಾದ ಫಾರಂ 35 ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡ್ರಿ. ಫಾರಂ 29, 30ಕ್ಕೆ ಸಹಿ ಹಾಕಿಸಿ ಕೊಪ್ಪಳದ ಆರ್‌ಟಿಒದಲ್ಲಿ ಹೆಸರು ಬದಲಾಯಿಸಿಕೊಳ್ರಿ. ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ವರ್ಷಗಟ್ಟಲೆ ಹಾಗೇ ಓಡಿಸೋ ನಮ್ಮ ರೂಢಿ ಕೊಂಡವನಿಗೂ ಕಷ್ಟ, ಮಾರಿದವನಿಗೂ ಕಷ್ಟ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತವಾದರೆ ಹೊಣೆ ಅವನದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಇನ್ನೊಂದು ಪ್ರಕರಣದಲ್ಲಿ ಹೇಳಿದೆ. ನಿಮ್ಮ ಹಳೆ ಗಾಡಿಯನ್ನು ಹಾಗೆ ಮಾರಿದ್ದರೆ ಇವತ್ತೇ ಆ್ಯಪ್ ತೆಗೆದು ಅದರ ನಂಬರ್ ಹಾಕಿ ನೋಡ್ರಿ. ಕೊಂಡ 14 ದಿನದೊಳಗೆ ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಮಾಡಿಸಬೇಕು. ಹಳೆ ಮಾಲೀಕನ ನೋ ಕ್ಲೇಮ್ ಬೋನಸ್ ಗಾಡಿ ಜೊತೆ ಬರೋಲ್ಲ, ಅದನ್ನ ತೋರಿಸಿ ಅವನು ರೇಟು ಏರಿಸಿದರೆ ಒಪ್ಪಬೇಡ್ರಿ.